ಜಂಟಿ ಸಾಲದ ಎರಡನೆಯ ಸಹಿ

ಗಂಡ-ಹೆಂಡತಿ ಕೂಡಿ ಕಾರಿಗಾಗಿ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕುವುದು ಈಗ ನಮ್ಮ ಮನೆಗಳಲ್ಲಿಯೂ ರೂಢಿಯಾಗಿದೆ. ಇಬ್ಬರ ಆದಾಯ ಸೇರಿದರೆ ದೊರೆಯುವ ಮೊತ್ತ ಹೆಚ್ಚುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆದಾಯವನ್ನು ಕೂಡಿಸಿದಂತೆ ಸಾಲಚರಿತ್ರೆಯನ್ನು ಕೂಡಿಸಲಾಗದು. ಸಿಬಿಲ್ ಸಂಸ್ಥೆಯು 300ರಿಂದ 900ರವರೆಗಿನ ಅಂಕವನ್ನು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ನೀಡುತ್ತದೆ. ಮದುವೆಯಾದ ಮಾತ್ರಕ್ಕೆ ಅವು ಒಂದಾಗುವುದಿಲ್ಲ. ಒಬ್ಬರ ಅಂಕ ತೀರ ಕಡಿಮೆಯಿದ್ದರೆ ಬಡ್ಡಿ ಏರಬಹುದು, ಅರ್ಜಿ ತಿರಸ್ಕೃತವೂ ಆಗಬಹುದು.

ನನ್ನ ಸೋದರಳಿಯನ ಅಂಕ 640, ಅವನ ಹೆಂಡತಿಯದು 785. ಅವನೇನೂ ದುಂದುಗಾರನಲ್ಲ. ಗೆಳೆಯನೊಬ್ಬನ ಬೈಕಿನ ಸಾಲಕ್ಕೆ ಜಾಮೀನು ನಿಂತಿದ್ದನು. ಗೆಳೆಯನು ಕಂತು ನಿಲ್ಲಿಸಲು ಆ ಬಾಕಿ ಇವನ ವರದಿಯಲ್ಲಿಯೂ ದಾಖಲಾಗಿತ್ತು. "ಮಾವ, ಇದನ್ನು ಅವಳಿಗೆ ಹೇಳದೆ ಅವಳ ಹೆಸರನ್ನೇ ಮೊದಲು ಬರೆದು ಅರ್ಜಿ ಕೊಟ್ಟರಾಗದೇ?" ಎಂದು ಕೇಳಿದನು.

ಆಗದೆಂದೆ. ಬ್ಯಾಂಕಿನವರು ಹೇಗೂ ಇಬ್ಬರ ವರದಿಯನ್ನೂ ತರಿಸಿ ನೋಡುವರು, ಮುಚ್ಚಿಟ್ಟಂತಾಗುವುದು ಹೆಂಡತಿಯೊಬ್ಬಳಿಗೇ. ಸುಳ್ಳು ಪತ್ರ ಬರೆಯುವುದನ್ನು ಉಮಾಸ್ವಾಮಿಗಳು ಕೂಟಲೇಖಕ್ರಿಯೆಯೆಂದು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅರ್ಜಿಯಲ್ಲಿ ಒಂದಕ್ಷರವೂ ಸುಳ್ಳಿರದಿದ್ದರೂ, ವಿಷಯ ತಿಳಿಯದವಳ ಸಹಿ ಪಡೆಯುವುದು ಅದಕ್ಕೆ ಬಹು ದೂರವೇನಲ್ಲ. 1872ರ ಕರಾರು ಕಾಯಿದೆಯ 43ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಜಂಟಿಯಾಗಿ ಮಾತುಕೊಟ್ಟವರಲ್ಲಿ ಯಾರೊಬ್ಬರಿಂದಲೂ ಪೂರ್ತಿ ಹಣವನ್ನು ಕೇಳಬಹುದು. ಅರ್ಧ ಸಾಲ ನನ್ನದು, ಅರ್ಧ ಅವರದು ಎಂಬುದು ಮನೆಯೊಳಗಿನ ಮಾತು. ಕಂತು ತಪ್ಪಿದರೆ ಇಬ್ಬರ ವರದಿಯೂ ಕೆಡುತ್ತದೆ. ಅವನು ಗೆಳೆಯನಿಗಾಗಿ ಹೇಗೆ ಸಿಕ್ಕಿಕೊಂಡನೋ ಹಾಗೆಯೇ ಅವಳು ಇವನಿಗಾಗಿ ಸಿಕ್ಕಿಕೊಳ್ಳಬಹುದಾಗಿತ್ತು.

ಅಂದು ರಾತ್ರಿಯೇ ಅವಳಿಗೆ ಹೇಳಿದನಂತೆ. ಅಂಕ ಕಡಿಮೆಯೆಂದು ಅವಳು ನೊಂದುಕೊಳ್ಳಲಿಲ್ಲ. ಬಾಕಿ ಇನ್ನೂ ತೀರಿಲ್ಲವೆಂಬುದಕ್ಕೆ ನೊಂದಳು. ಸಾಲ ಕೊಟ್ಟವರು ಸ್ವಲ್ಪ ಕಡಿಮೆಗೆ ಮುಗಿಸಲು ಸಿದ್ಧರಿದ್ದರು. ಹಾಗೆ ಮುಗಿಸಿದ ಖಾತೆ ವರದಿಯಲ್ಲಿ 'ಸೆಟಲ್ಡ್' ಎಂದು ಕಾಣಿಸುತ್ತದೆ, 'ಕ್ಲೋಸ್ಡ್' ಎಂದಲ್ಲ. ಮುಂದೆ ಸಾಲ ಕೊಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿದೆ. ಅಂಗಡಿಯ ಖಾತೆಯಲ್ಲಿ ನಾನು ಬಿಟ್ಟುಕೊಟ್ಟ ಬಾಕಿಗಳೂ ನನಗೆ ಮರೆತಿಲ್ಲವೆಂಬುದನ್ನು ಇಲ್ಲಿ ಹೇಳಬೇಕು!

ಕಾರಿನ ಮುಂಗಡಕ್ಕೆಂದು ಕೂಡಿಟ್ಟಿದ್ದ ಹಣದಲ್ಲಿ ಪೂರ್ತಿ ಬಾಕಿಯನ್ನು ಕಟ್ಟಿ, ಬೇಬಾಕಿ ಪತ್ರ ಪಡೆದರು. ಅಂಕವೇನೋ ಮರುದಿನವೇ ಏರುವುದಿಲ್ಲ. ಆದ್ದರಿಂದ ಅವಳೊಬ್ಬಳೇ ಅರ್ಜಿ ಹಾಕಿದಳು. ಅವನ ಸಂಬಳ ಲೆಕ್ಕಕ್ಕೆ ಬಾರದ ಕಾರಣ ಸಾಲ ಕಡಿಮೆಯಾಯಿತು, ಕಾರೂ ಚಿಕ್ಕದಾಯಿತು. ನೋಂದಣಿ ಅವಳ ಹೆಸರಿನಲ್ಲಿದೆ.

ಜಂಟಿ ಅರ್ಜಿಯ ಯೋಚನೆಯುಳ್ಳವರು ಷೋರೂಮಿಗೆ ಹೋಗುವ ಮೊದಲೇ ಪರಸ್ಪರರ ವರದಿ ನೋಡಿಕೊಳ್ಳಲಿ. ವರ್ಷಕ್ಕೊಮ್ಮೆ ಅದು ಉಚಿತವಾಗಿ ದೊರೆಯುತ್ತದೆ. ತೀರಿಸಿದ ಹಣವನ್ನು ಮೂಲ ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು ಅದೇ ಕಾಯಿದೆ ಜಾಮೀನುದಾರನಿಗೆ ಕೊಟ್ಟಿದೆ. ಅಳಿಯನು ಗೆಳೆಯನಿಗೆ ಒಂದು ಕಾಗದ ಬರೆದಿದ್ದಾನೆ, ಉತ್ತರ ಬಂದಿಲ್ಲ.