ಅಪ್ಪನ ಕ್ಯಾಮರಾ

ಕವಿಗಳ ಕಾಲನಿರ್ಣಯ ಮಾಡುವುದು ಇಪ್ಪತ್ತು ವರ್ಷಗಳಿಂದ ನನ್ನ ಜೀವನೋಪಾಯ. ಕವಿ ತನ್ನ ಕಾಲವನ್ನು ಹೇಳದೆಯೇ ಹೋಗಿರಲಿ; ಅವನು ಹೊಗಳಿದ ಅರಸನನ್ನು ಒಂದು ಕಡೆ ಹಿಡಿದು, ಅವನನ್ನು ಹೊಗಳಿದ ಮುಂದಿನ ಕವಿಯನ್ನು ಇನ್ನೊಂದು ಕಡೆ ಹಿಡಿದು, ನಡುವೆ ಅವನನ್ನು ಕೂರಿಸಿಬಿಡುತ್ತೇನೆ. ಹುಡುಗರು ಮರುಮಾತಿಲ್ಲದೆ ಬರೆದುಕೊಳ್ಳುತ್ತಾರೆ. ಇಂಥ ನನಗೆ ನಮ್ಮ ಮನೆಯ ಬೀರುವಿನಲ್ಲಿದ್ದ ಕ್ಯಾಮರಾದ ಕುಲಗೋತ್ರವೇ ತಿಳಿದಿರಲಿಲ್ಲವೆಂದರೆ ನೀವು ನಗಬಹುದು.

ನಮ್ಮ ತಂದೆಯವರು ಹಾಸನದ ಕಡೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದರು. 1974ರಲ್ಲಿ, ಅಂಗಡಿ ಮುಚ್ಚುತ್ತಿದ್ದ ಸ್ಟುಡಿಯೋದವರೊಬ್ಬರಿಂದ ಅದನ್ನು ಕೊಂಡರಂತೆ. ವಿದೇಶೀ ಕ್ಯಾಮರಾಗಳ ಆಮದಿಗೆ ಬಿಗಿಯಾದ ಕಟ್ಟುಪಾಡಿದ್ದ ಕಾಲ ಅದು. ಬಳಸಿದ ಕ್ಯಾಮರಾಕ್ಕೂ ಗಿರಾಕಿಗಳಿದ್ದರು. ಮನೆಯಲ್ಲಿ ಅದಕ್ಕೆ ದೇವರ ಪೆಟ್ಟಿಗೆಯ ಮಡಿ. ನಾವು ಮಕ್ಕಳಿರಲಿ, ನಮ್ಮಮ್ಮನೂ ಅದನ್ನು ಮುಟ್ಟುವಂತಿರಲಿಲ್ಲ. 2013ರಲ್ಲಿ ಅಪ್ಪ ತೀರಿಕೊಂಡ ಮೇಲೆ ನಾನೂ ಆ ಮಡಿಯನ್ನು ತಪ್ಪದೆ ಪಾಲಿಸಿದೆ. ಚರ್ಮದ ಚೀಲದೊಳಗೆ ಅದನ್ನಿಟ್ಟು, ಚೀಲಕ್ಕೆ ಅವರ ಪಂಚೆಯನ್ನು ಸುತ್ತಿ, ಬೀರುವಿನ ತಳದಲ್ಲಿ ಭದ್ರಮಾಡಿದೆ.

ಮೊನ್ನೆ ಬೇಸಿಗೆಯಲ್ಲಿ ಮನೆಯ ಸುಣ್ಣಬಣ್ಣಕ್ಕೆ ಹಣ ಸಾಲದೆ ಬಂತು. ಹಳೆಯ ಕ್ಯಾಮರಾಗಳಿಗೆ ಈಗ ಒಳ್ಳೆಯ ಬೆಲೆಯಿದೆಯೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅಮ್ಮನಿಗೆ ಒಂದು ಮಾತೂ ಹೇಳದೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಕ್ಯಾಮರಾ ರಿಪೇರಿಯಲ್ಲೇ ತಲೆ ನೆರೆತ ಮುದುಕರೊಬ್ಬರ ಮುಂದೆ ಅದನ್ನಿಟ್ಟು, “ರೋಲಿಫ್ಲೆಕ್ಸ್ ತಂದಿದ್ದೇನೆ” ಎಂದೆ.

“ಅಲ್ಲ ಸ್ವಾಮಿ, ಇದು ಅದರ ತಮ್ಮ, ರೋಲಿಕಾರ್ಡ್” ಎಂದರು.

ಹೆಸರು ಅದರ ಹಣೆಯ ಮೇಲೆಯೇ ಇತ್ತು. ಮನೆಯವರು ಹೇಳುತ್ತಿದ್ದುದನ್ನೇ ನಾನು ಅಲ್ಲಿ ಓದಿಕೊಂಡಿದ್ದೆ. ಪಾಠದೋಷಗಳನ್ನು ಕುರಿತು ಪಾಠ ಹೇಳುವವನ ಪಾಡು ಇದು!

ಅಣ್ಣತಮ್ಮಂದಿರಿಬ್ಬರೂ ಜರ್ಮನಿಯ ಬ್ರೌನ್‌ಷ್ವೈಗ್ ಊರಿನ ಫ್ರಾಂಕೆ ಮತ್ತು ಹೈಡೆಕೆ ಕಾರ್ಖಾನೆಯ ಮಕ್ಕಳು. ಫಿಲ್ಮನ್ನು ಮುಂದೆ ಸರಿಸುವುದಕ್ಕೆ ಅಣ್ಣನಿಗೆ ಸುತ್ತುವ ಹಿಡಿಯುಂಟು. ತಮ್ಮನಿಗೆ ಬರಿಯ ತಿರುಪು. “ಫೋಕಸ್ ಮಾಡುವ ತಿರುಪು ಎಡಗಡೆ ಇದೆ, ಆದ್ದರಿಂದ ಇದು ಐದನೆಯ ಮಾದರಿಯಾದ ಮೇಲಿನದು. ಮೇಲಿನ ಮುಚ್ಚಳ ಕಳಚಿ ಬರುವುದಿಲ್ಲ. ಆದ್ದರಿಂದ ಐದು-ಬಿ ಅಲ್ಲ. ಉಳಿದದ್ದು ಐದು-ಎ. 1957ರಿಂದ 61ರ ಒಳಗೆ ಮಾಡಿದ್ದು” ಎಂದರು. ನನಗೆ ಎದ್ದು ಕೈಮುಗಿಯೋಣ ಎನ್ನಿಸಿತು. ಅತ್ತ ಒಂದು ಎಲ್ಲೆ, ಇತ್ತ ಒಂದು ಎಲ್ಲೆ; ನಮ್ಮ ವಿದ್ಯೆಯೇ!

ಆಮೇಲೆ ಪರಿವಾರದ ಲೆಕ್ಕ. ಬಿಸಿಲು ತಡೆಯುವ ಹುಡ್ಡು, ಹಳದಿ ಫಿಲ್ಟರು ಸರಿಯಾಗಿದ್ದವು. ಹತ್ತಿರದ ಚಿತ್ರಕ್ಕಾಗಿ ರೋಲೈನಾರ್ ಎಂಬ ಮಸೂರಗಳ ಜೋಡಿ: ಒಂದು ಮೇಲಿನ ಕಣ್ಣಿಗೆ, ಒಂದು ಕೆಳಗಿನ ಕಣ್ಣಿಗೆ. ಒಂದು ಕಳೆದರೆ ಇನ್ನೊಂದನ್ನು ಕೇಳುವವರಿಲ್ಲ, ಎರಡೂ ಇದ್ದವು. ಬೆಳಕನ್ನು ಅಳೆಯುವ ಮೀಟರಿಗೆ ಬ್ಯಾಟರಿ ಬೇಡ. ಬೆಳಕು ಬಿದ್ದಾಗ ಅದರೊಳಗಿನ ಸೆಲೆನಿಯಮ್ಮೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಕಿಟಕಿಗೆ ಹಿಡಿದರು, ಮುಳ್ಳು ಅಲುಗಲಿಲ್ಲ.

ಕೊನೆಗೆ ಹಿಂಬಾಗಿಲು ತೆರೆದು, ಷಟರನ್ನು ಬಿಚ್ಚಿಹಿಡಿದು, ಚಿತ್ರ ತೆಗೆಯುವ ಕೆಳಗಿನ ಮಸೂರದೊಳಕ್ಕೆ ಟಾರ್ಚು ಬಿಟ್ಟು ನನಗೂ ತೋರಿಸಿದರು. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಬಿಳಿಯ ನೂಲು ಹರಡಿದಂತೆ ಬೂಷ್ಟು.

“ಎಲ್ಲಿಟ್ಟಿದ್ದಿರಿ?”

ಹೆಮ್ಮೆಯಿಂದಲೇ ಹೇಳಿದೆ.

“ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ ಸ್ವಾಮಿ. ಗಾಳಿ ಬೆಳಕು ಕಾಣಿಸಿ, ಆಗಾಗ ಕೈಯಾಡಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ. ಷಟರಿನ ಎಣ್ಣೆಯೂ ಒಣಗಿ ಅಂಟಾಗಿದೆ. ಇದ್ದ ಹಾಗೆ ಆರು ಸಾವಿರ ಕೊಡಬಲ್ಲೆ.”

ಅಪ್ಪನ ವಸ್ತುವನ್ನು ಕಾಪಾಡಿದೆನೆಂದುಕೊಂಡಿದ್ದೆ. ಕೆಡಿಸಿದವನು ನಾನೇ.

ಚೀಲದ ಜೇಬಿನಲ್ಲಿದ್ದ ಒಂದು ಸಣ್ಣ ನೋಟ್‌ಬುಕ್ಕನ್ನು ಅವರು ನನ್ನ ಕಡೆಗೆ ಸರಿಸಿ, “ಇದನ್ನು ನೀವೇ ಇಟ್ಟುಕೊಳ್ಳಿ” ಎಂದರು. ಬಿಡಿಸಿ ನೋಡಿದೆ. ಒಂದು ರೋಲಿಗೆ ಹನ್ನೆರಡು ಚಿತ್ರ. ಹನ್ನೆರಡಕ್ಕೂ ಅಪ್ಪನ ದುಂಡಕ್ಷರದ ಲೆಕ್ಕ. “ಹಳೇಬೀಡು, ಬೆಳಿಗ್ಗೆ 9, ಮೋಡ, 1/60, ಎಫ್ 8.” ಹೀಗೆಯೇ ಪುಟ ಪುಟ. ಕಡೆಯ ಪುಟದಲ್ಲಿ ಮಾತ್ರ ಬೇರೆ ಬರಹ: “ಕ್ಯಾಮರಾ ಬಾಬ್ತು. ಅವಳ ಬಳೆ ಜೊತೆ 1, ಗಿರವಿ. ಬಿಡಿಸಿ ಕೊಡತಕ್ಕದ್ದು.” ಅದರ ಕೆಳಗೆ ಪುಟ ಖಾಲಿಯಾಗಿತ್ತು.

ನನಗೆ ಬುದ್ಧಿ ಬಂದಂದಿನಿಂದ ಅಮ್ಮನ ಕೈಯಲ್ಲಿ ನಾನು ಕಂಡದ್ದು ಗಾಜಿನ ಬಳೆ ಮಾತ್ರ. ಅದೇಕೆಂದು ಯಾವೊತ್ತೂ ಕೇಳಿದವನಲ್ಲ. ಕ್ಯಾಮರಾದ ಕುಲ, ಊರು, ಕಾಲ ಎಲ್ಲ ನಿರ್ಣಯವಾಗಿತ್ತು; ಒಡೆಯರು ಯಾರೆಂಬುದು ಈಗ ತಿಳಿಯಿತು. ಮುದುಕರಿಗೆ ನಮಸ್ಕಾರ ಹೇಳಿ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹಿಂದಿರುಗಿದೆ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಕುಳಿತಿದ್ದ ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿ, ಆ ಪುಟವನ್ನು ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬರೆದಿಟ್ಟಿದ್ದರೇನೋ? ನನ್ನ ಹತ್ತಿರ ಒಂದು ದಿನವೂ ಆ ಮಾತೆತ್ತಲಿಲ್ಲವಲ್ಲ” ಎಂದರು.

“ಇದು ನಿನ್ನದಮ್ಮ. ಮಾರುವುದೋ ಇಡುವುದೋ ನೀನೇ ಹೇಳು.”

ಮೇಲಿನ ಮುಚ್ಚಳವನ್ನು ತೆರೆದು ಅವರ ತೊಡೆಯ ಮೇಲಿಟ್ಟೆ. ನೋಡುವುದಕ್ಕೆಂದೇ ಇರುವ ಮೇಲಿನ ಕಣ್ಣಿಗೆ ಬೂಷ್ಟು ಹತ್ತಿರಲಿಲ್ಲ. ಅಮ್ಮ ತಲೆ ಬಗ್ಗಿಸಿದರು. ಅಂಗೈಯಗಲದ ಗಾಜಿನ ಮೇಲೆ ಅಂಗಳ, ತುಳಸೀಕಟ್ಟೆ, ಹಗ್ಗದ ಮೇಲೆ ಒಣಗುತ್ತಿದ್ದ ಸೀರೆ.

“ಅಯ್ಯೋ, ತುಳಸಿ ಆ ಕಡೆ ಹೋಯಿತಲ್ಲೋ!”

“ಅದರಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದಮ್ಮ.”

“ಇದನ್ನೇನೋ ಅವರು ಅಷ್ಟು ಹೊತ್ತು ನೋಡುತ್ತಾ ನಿಲ್ಲುತ್ತಿದ್ದದ್ದು?” ಎಂದು ಕ್ಯಾಮರಾವನ್ನು ಮೆಲ್ಲನೆ ಬಾಗಿಲ ಕಡೆಗೆ ತಿರುಗಿಸಿದರು. “ಇದಕ್ಕೆ ಹಾಕುವ ರೋಲು ಈಗಲೂ ಸಿಗುತ್ತದೆಯೇ?”

ಸಿಗುತ್ತದೆಂದೆ. ಬೂಷ್ಟು ತೆಗೆಸಿ, ಷಟರು ಸರಿಮಾಡಿಸಿಕೊಂಡು ಬರುತ್ತೇನೆಂದು ಕೈಚಾಚಿದೆ. ಅಮ್ಮ ತಲೆಯೆತ್ತದೆಯೇ ನನ್ನ ಕೈಯನ್ನು ಅತ್ತ ಸರಿಸಿದರು.

“ತಡಿಯೋ, ನಾನಿನ್ನೂ ನೋಡಿಯಾಗಿಲ್ಲ.”