ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಒಂದು ಮಧ್ಯಾಹ್ನ

ಮನಾಲಿಯಿಂದ ಲೇಹ್‌ಗೆ ಹೊರಟ ಬೈಕ್ ಸವಾರರು ತಪ್ಪದೆ ನಿಲ್ಲುವ ಜಾಗ ಒಂದಿದೆ. ಹಿಮಾಚಲ ಪ್ರದೇಶದ ಲಾಹುಲ್ ಕಣಿವೆಯ ತಾಂಡಿ ಎಂಬ ಪುಟ್ಟ ಊರಿನ ಪೆಟ್ರೋಲ್ ಬಂಕು ಅದು. ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿದೆ ಎಂದು ಎಚ್ಚರಿಸುವ ಇಲ್ಲಿನ ಫಲಕ ದೇಶದ ಸವಾರರಿಗೆಲ್ಲ ಪರಿಚಿತ. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋದವರು ಕಡಿಮೆ.

ಬಂಕಿನಿಂದ ಸ್ವಲ್ಪ ಕೆಳಗೆ ಚಂದ್ರಾ ಮತ್ತು ಭಾಗಾ ನದಿಗಳು ಕೂಡುತ್ತವೆ. ಎರಡೂ ಹುಟ್ಟುವುದು ಬಾರಾಲಾಚಾ ಕಣಿವೆದಾರಿಯ ಆಸುಪಾಸಿನಲ್ಲೇ. ಹುಟ್ಟಿದ ಮೇಲೆ ಒಂದು ಅತ್ತ, ಒಂದು ಇತ್ತ ಹರಿದು ಬೆಟ್ಟ ಸುತ್ತಿ ಇಲ್ಲಿ ಬಂದು ಸೇರುತ್ತವೆ. ಗಂಗಾಮೂಲದಲ್ಲಿ ಜೊತೆಗೆ ಹುಟ್ಟಿ, ಬೇರೆಯಾಗಿ, ಕೂಡಲಿಯಲ್ಲಿ ಮತ್ತೆ ಒಂದಾಗುವ ತುಂಗಾ ಭದ್ರೆಯರ ಕತೆಯೇ ಇಲ್ಲೂ. ಚಂದ್ರಭಾಗಾ ಎನಿಸಿಕೊಂಡ ಈ ನೀರೇ ಮುಂದೆ ಚೀನಾಬ್ ನದಿ.

2023ರ ಜೂನ್ ತಿಂಗಳ ಒಂದು ಮಧ್ಯಾಹ್ನ ಶಿವಮೊಗ್ಗ ಕಡೆಯ ಇಬ್ಬರು ಇಲ್ಲಿ ಸಾಲಿನಲ್ಲಿ ನಿಂತಿದ್ದರು. ಒಬ್ಬರು ಬ್ಯಾಂಕ್ ನೌಕರ, ಐವತ್ತರ ಹತ್ತಿರದವರು. ಇನ್ನೊಬ್ಬ ಅವರ ಅಣ್ಣನ ಮಗ, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದವನು. ಬೈಕು ಚಿಕ್ಕಪ್ಪನದು, ರಾಯಲ್ ಎನ್‌ಫೀಲ್ಡ್‌ನ 411 ಸಿಸಿ ಹಿಮಾಲಯನ್. ಹೊಸ ಹಿಮಾಲಯನ್ ಬಂದು ತಾವು ಅದನ್ನು ಕೊಂಡರೆ ಹಳೆಯದು ನಿನಗೆ ಎಂದು ಅವರು ಎಂದೋ ಬಾಯಿತಪ್ಪಿ ಹೇಳಿದ್ದರು. ಹುಡುಗನ ತಾಯಿಗೆ ಈ ಮಾತು ಒಂದಿಷ್ಟೂ ಹಿಡಿಸಿರಲಿಲ್ಲ.

ಅಂದು ಸಾಲಿನಲ್ಲಿದ್ದ ಹದಿನೈದಿಪ್ಪತ್ತು ಸವಾರರ ಬಾಯಲ್ಲೂ ಅದೇ ಸುದ್ದಿ. ಪರೀಕ್ಷೆಗೆಂದು ಲಡಾಖ್‌ನಲ್ಲಿ ಓಡಾಡುತ್ತಿದ್ದ ಹೊಸ ಬೈಕಿನ ಫೋಟೊಗಳು ಆಗಲೇ ಅಲ್ಲಿಲ್ಲಿ ಪ್ರಕಟವಾಗಿದ್ದವು. ಫೋಟೊದಲ್ಲಿ ರೇಡಿಯೇಟರ್ ಕಾಣುತ್ತದೆ, ಅಂದಮೇಲೆ ನೀರಿನಿಂದ ತಣಿಯುವ ಎಂಜಿನ್ ಎಂದು ಒಬ್ಬ. ಆರು ಗೇರ್ ಇರಲೇಬೇಕು ಎಂದು ಮತ್ತೊಬ್ಬ. ‘ನಲವತ್ತು ಅಶ್ವಶಕ್ತಿ, ಬರೆದಿಟ್ಟುಕೊಳ್ಳಿ’ ಎಂದು ಪುಣೆಯ ತಂಡದ ಗಡ್ಡದ ಯುವಕ. ಗಾಳಿಯಿಂದ ತಣಿಯುವ ಎಂಜಿನ್‌ಗಳ ಕಾಲ ಮುಗಿಯಿತು, ಹೊಗೆಯ ಕಾನೂನು ಅವನ್ನು ಉಳಿಸುವುದಿಲ್ಲ ಎಂದೂ ಅವನೇ ತೀರ್ಪು ಕೊಟ್ಟ.

‘ನೋಡಿ ಚಿಕ್ಕಪ್ಪ, ಎಲ್ಲರೂ ಹೇಳ್ತಿದ್ದಾರೆ’ ಎಂದ ಹುಡುಗ.

‘ಹೇಳ್ತಾರೆ ಮಾರಾಯ. ಯೆಜ್ಡಿ ಬರ್ತದೆ ಅಂತಲೂ ಹೇಳ್ತಿದ್ರು’ ಎಂದರು ಚಿಕ್ಕಪ್ಪ.

ಅವರ ಮಾತಿಗೆ ಹಿನ್ನೆಲೆಯಿತ್ತು. ಕಾಲೇಜು ದಿನಗಳಲ್ಲಿ ಅವರು ಓಡಿಸಿದ್ದು ಯೆಜ್ಡಿ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೆಸರು ಮರಳಿದ್ದು 2022ರಲ್ಲಿ, ಅದೂ ಬೇರೆ ಕಂಪನಿಯ ಕೈಯಲ್ಲಿ, ಮಧ್ಯಪ್ರದೇಶದ ಪೀತಂಪುರದಿಂದ. ಇಪ್ಪತ್ತಾರು ವರ್ಷ ಕಾದವರಿಗೆ ಬಂಕಿನ ಸುದ್ದಿ ಅಷ್ಟು ಬೇಗ ಏರುವುದಿಲ್ಲ.

ಆದರೂ ಈ ಸವಾರರು ಬಯಸಿದ್ದು ಬರೀ ಷೋಕಿಗಲ್ಲ. ಮುಂದಿನ ದಾರಿಯಲ್ಲಿ ಬಾರಾಲಾಚಾ ಸುಮಾರು 4,890 ಮೀಟರ್ ಎತ್ತರದಲ್ಲಿದೆ, ತಗ್ಲಾಂಗ್ ಲಾ 5,328 ಮೀಟರ್. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಗಾಳಿಯೇ ತೆಳು. ಒತ್ತಡ ಸಮುದ್ರಮಟ್ಟದ ಅರ್ಧದಷ್ಟಾದರೆ, ಸಾಂದ್ರತೆ ಶೇ 60ಕ್ಕಿಂತ ತುಸು ಕಡಿಮೆ. ಸಿಲಿಂಡರ್ ಪ್ರತಿಸಲ ಅಷ್ಟೇ ಜಾಗದ ಗಾಳಿಯನ್ನು ಎಳೆದುಕೊಂಡರೂ ಒಳಗೆ ಬರುವ ಆಮ್ಲಜನಕ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಉರಿಯುವ ಪೆಟ್ರೋಲೂ ಕಡಿಮೆ, ಸಿಗುವ ಶಕ್ತಿಯೂ ಕಡಿಮೆ. ಊರಿನಲ್ಲಿ 24 ಅಶ್ವಶಕ್ತಿ ಕೊಡುವ ಹಳೆಯ ಹಿಮಾಲಯನ್ ತಗ್ಲಾಂಗ್ ಲಾದಲ್ಲಿ ಕೊಡುವುದು ಹೆಚ್ಚೆಂದರೆ 14. ಅದಕ್ಕೆ ಇಬ್ಬರು ಸವಾರರು, ಚೀಲಗಳು, ಪೆಟ್ರೋಲ್ ಕ್ಯಾನು. ಗಡ್ಡದ ಯುವಕ ಕೇಳಿದ ನಲವತ್ತು ಅಶ್ವಶಕ್ತಿ ಮೇಲೆ ಹೋಗುವ ಹೊತ್ತಿಗೆ 23ಕ್ಕೆ ಇಳಿದಿರುತ್ತದೆ. ಅಂದರೆ ಹಳೆಯ ಗಾಡಿ ಮದ್ರಾಸಿನ ಕಡಲತೀರದಲ್ಲಿ ಓಡುವಂತೆ ಹೊಸದು ಕಣಿವೆದಾರಿಯ ನೆತ್ತಿಯಲ್ಲಿ ಓಡಬೇಕು, ಅಷ್ಟೇ ಅವನ ಬೇಡಿಕೆ!

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಇನ್ನೊಂದು ತೊಂದರೆಯಿತ್ತು. ಗಾಳಿ ತೆಳುವಾದರೂ ಅದು ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಇಳಿಸುತ್ತಿರಲಿಲ್ಲ. ಮಿಶ್ರಣ ದಟ್ಟವಾಗಿ, ಕಪ್ಪು ಹೊಗೆ ಬಂದು, ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತಿತ್ತು. 2016ರಲ್ಲಿ ಬಂದ ಮೊದಲ ಹಿಮಾಲಯನ್‌ಗೂ ಕಾರ್ಬ್ಯುರೇಟರೇ ಇದ್ದದ್ದು. 2017ರಲ್ಲಿ ಭಾರತ್ ಸ್ಟೇಜ್ 4 ನಿಯಮ ಬಂದಾಗ ಫ್ಯೂಯೆಲ್ ಇಂಜೆಕ್ಷನ್ ಬಂತು. ಸೆನ್ಸರ್ ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲನ್ನು ಕಡಿಮೆ ಮಾಡುತ್ತದೆ. ದಿಲ್ಲಿಯ ಹೊಗೆ ನಿಯಂತ್ರಿಸಲು ಬಂದ ಕಾನೂನು ಬಾರಾಲಾಚಾದ ಸವಾರನಿಗೂ ಉಪಕಾರ ಮಾಡಿತು.

ತಾಂಡಿಯಿಂದ ಎಂಟು ಕಿಲೋಮೀಟರ್ ದೂರದ ಕೇಲಾಂಗ್‌ನಲ್ಲಿ ಚಿಕ್ಕಪ್ಪ ರಾತ್ರಿ ತಂಗಲು ನಿರ್ಧರಿಸಿದರು. ಹೊತ್ತು ಮುಳುಗಲು ಇನ್ನೂ ಬಹಳ ಸಮಯವಿತ್ತು. ಪುಣೆಯ ತಂಡ ಸರ್ಚುವಿಗೆ ಹೊರಟೇಬಿಟ್ಟಿತು. ಹುಡುಗ ಮುಖ ಊದಿಸಿಕೊಂಡ. ಸಂಜೆ ಬೈಕಿನ ಸರಪಳಿ ಬಿಗಿ ಮಾಡಿಕೊಟ್ಟ ಮೆಕ್ಯಾನಿಕ್‌ನನ್ನೂ ಹೊಸ ಗಾಡಿಯ ಬಗ್ಗೆ ಕೇಳಿದ. ಆತ ಹಿಂದಿಯಲ್ಲಿ ಹೇಳಿದ್ದಿಷ್ಟು: ಗಾಳಿಯಿಂದ ತಣಿಯುವ ಎಂಜಿನ್‌ಗೆ ಕಲ್ಲು ಬಡಿದರೆ ಗೀರು ಬೀಳುತ್ತದೆ, ರೇಡಿಯೇಟರ್‌ಗೆ ಬಡಿದರೆ ನೀರು ಸೋರುತ್ತದೆ. ಪಾಂಗ್ ಬಯಲಿನಲ್ಲಿ ಯಾರು ಬೆಸುಗೆ ಹಾಕುತ್ತಾರೆ? ಹಳೆಯದಕ್ಕೂ ಎಣ್ಣೆ ತಣಿಸಲು ಒಂದು ಪುಟ್ಟ ಕೂಲರ್ ಇದ್ದದ್ದನ್ನು ಅವನು ಮರೆತಿದ್ದ. ಆದರೆ ಅವನ ಚಿಂತೆ ನಿಜವಾದದ್ದೇ. ಸ್ಪ್ಯಾನರ್ ಹಿಡಿದು ಮೂರು ಮಕ್ಕಳನ್ನು ಓದಿಸುತ್ತಿದ್ದವನಿಗೆ ಇನ್ನು ಕಂಪ್ಯೂಟರ್ ಹಿಡಿ ಎಂದರೆ ಹೇಗಾಗಬೇಡ?

ಮರುದಿನ ನಸುಕಿನಲ್ಲೇ ಅವರು ಹೊರಟರು. ದಾರಿಗೆ ಅಡ್ಡ ಹರಿಯುವ ತೊರೆಗಳನ್ನು ದಾಟಲು ಅದೇ ಸರಿಯಾದ ಹೊತ್ತು. ಬಿಸಿಲೇರಿ ಹಿಮ ಕರಗಿತೆಂದರೆ ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಮೊಣಕಾಲಿಗೆ ಬರುತ್ತದೆ.

ಜಿಂಗ್ ಜಿಂಗ್ ಬಾರ್ ಎಂಬಲ್ಲಿನ ಚಹಾ ಅಂಗಡಿಯ ಮುಂದೆ ಎದುರಿನಿಂದ ಬಂದ ಜೀಪೊಂದು ನಿಂತಿತು. ಇಳಿದವನು ಅದೇ ಗಡ್ಡದ ಯುವಕ. ಹಿಂದಿನ ಸೀಟಿನಲ್ಲಿ ಅವನ ಗೆಳೆಯ ತಲೆ ಹಿಡಿದುಕೊಂಡು ಮಲಗಿದ್ದ. ರಾತ್ರಿಯೆಲ್ಲ ತಲೆನೋವು, ವಾಂತಿ, ಬೆಳಗಿನ ಹೊತ್ತಿಗೆ ನೆಟ್ಟಗೆ ನಡೆಯಲೂ ಆಗುತ್ತಿರಲಿಲ್ಲ. ಮನಾಲಿ ಇರುವುದು 2,050 ಮೀಟರ್ ಎತ್ತರದಲ್ಲಿ, ಸರ್ಚು ಸುಮಾರು 4,290ರಲ್ಲಿ. ಒಂದೇ ದಿನದಲ್ಲಿ ಅಷ್ಟು ಏರಿ ಅಲ್ಲೇ ಮಲಗಿದರೆ ಗಟ್ಟಿಮುಟ್ಟಾದ ದೇಹವೂ ಸೋಲುತ್ತದೆ. ಎಂಜಿನ್ನಿನ ಸೆನ್ಸರ್ ಕ್ಷಣದಲ್ಲಿ ಲೆಕ್ಕ ಬದಲಿಸುತ್ತದೆ. ಮನುಷ್ಯನ ಉಸಿರಾಟವೂ ರಕ್ತವೂ ಹೊಂದಿಕೊಳ್ಳಲು ದಿನಗಳು ಬೇಕು. ಕಾಯಿಲೆ ಉಲ್ಬಣಿಸಿದರೆ ತಡಮಾಡದೆ ಕೆಳಗಿಳಿಸುವುದೇ ಮೊದಲ ಚಿಕಿತ್ಸೆ. ಹಿಂದೆ ರೋಹ್ಟಾಂಗ್ ಹತ್ತಿಳಿಯುವುದರಲ್ಲೇ ಹೊತ್ತು ಹೋಗುತ್ತಿತ್ತು, ದಿನ ಮುಗಿಯುವಾಗ ಸವಾರ ಕೇಲಾಂಗ್‌ನಲ್ಲಿರುತ್ತಿದ್ದ. 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ಆ ವಿಳಂಬವನ್ನು ತಪ್ಪಿಸಿದೆ. ಬೈಕಿನ ಶಕ್ತಿಯೂ ಹೆಚ್ಚಿದರೆ ಏರುವುದು ಇನ್ನೂ ಬೇಗ.

ಗಡ್ಡದ ಯುವಕ ಅಂದು ಬೈಕಿನ ಮಾತೆತ್ತಲಿಲ್ಲ. ಕೇಲಾಂಗ್ ಆಸ್ಪತ್ರೆ ಎಲ್ಲಿ ಎಂದಷ್ಟೇ ಕೇಳಿದ. ಹುಡುಗ ದಾರಿ ಹೇಳಿ, ತನ್ನ ಫ್ಲಾಸ್ಕಿನ ಬಿಸಿನೀರನ್ನೂ ಕೊಟ್ಟ.

ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಹಿಮಾಲಯನ್ ಬಂತು. 452 ಸಿಸಿ, 40 ಅಶ್ವಶಕ್ತಿ, ನೀರಿನಿಂದ ತಣಿಯುವ ಎಂಜಿನ್, ಆರು ಗೇರ್. ಟ್ಯಾಂಕು ಕೂಡ 15 ಲೀಟರಿನಿಂದ 17ಕ್ಕೇರಿತ್ತು. ತಾಂಡಿಯ ಊಹೆ ಬಹುಪಾಲು ನಿಜವಾಯಿತು. ಗಾಳಿಯಿಂದ ತಣಿಯುವ ಎಂಜಿನ್‌ಗಳ ಕಾಲ ಮುಗಿಯಿತೆಂಬ ತೀರ್ಪು ಮಾತ್ರ ಸುಳ್ಳಾಯಿತು. 2025ರ ಜನವರಿಯಲ್ಲಿ ಅದೇ ಕಂಪನಿ ಹಳೆಯ ಎಂಜಿನ್ನನ್ನೇ ಹಿಗ್ಗಿಸಿ ಸ್ಕ್ರಾಮ್ 440 ತಂದಿತು.

2023ರಲ್ಲಿ ಹೊಸ ಹಿಮಾಲಯನ್‌ನ ಆರಂಭದ ಬೆಲೆ, ರಸ್ತೆ ತೆರಿಗೆ ವಿಮೆ ಬಿಟ್ಟು, 2.69 ಲಕ್ಷ ರೂಪಾಯಿ ಇತ್ತು. ಚಿಕ್ಕಪ್ಪ ಶೋರೂಮಿಗೆ ಹೋಗಿ, ಕುಳಿತು ನೋಡಿ, ಕರಪತ್ರ ತೆಗೆದುಕೊಂಡು ಹಳೆಯ ಗಾಡಿಯಲ್ಲೇ ಮನೆಗೆ ಬಂದರು. ಹುಡುಗನ ತಾಯಿ ಅವರಿಗೆ ಎರಡು ಲೋಟ ಕಾಫಿ ಕೊಟ್ಟರು. ಹುಡುಗ ಬಾಗಿಲಲ್ಲೇ ನಿಂತು ಹೇಳಿದ: ‘ಮಿಲಾನ್ ಪ್ರದರ್ಶನದಲ್ಲಿ ಕರೆಂಟಿನ ಹಿಮಾಲಯನ್ ತೋರಿಸಿದ್ದಾರಂತೆ ಚಿಕ್ಕಪ್ಪ. ಬ್ಯಾಟರಿಗೆ ಗಾಳಿಯೇ ಬೇಡ.’

‘ತಾಂಡಿ ದಾಟಿದ ಮೇಲೆ ಚಾರ್ಜ್ ಎಲ್ಲಿ ಮಾಡ್ತಾರಂತೆ, ಕೇಳಿದ್ಯಾ?’ ಎಂದರು ಚಿಕ್ಕಪ್ಪ, ಎರಡನೇ ಲೋಟಕ್ಕೆ ಕೈಹಾಕುತ್ತಾ.