ಸೇವೆಗೆ ಹೋದವರು ಕಲಿತ ಪಾಠ

ಉಪಕಾರ ಮಾಡುವುದು ಸುಲಭವೆಂದು ಲೋಕವು ಬಗೆಯುವುದುಂಟು. ಆದರೆ ಕೈಯಲ್ಲಿ ವಿದ್ಯೆಯೂ ಎದೆಯಲ್ಲಿ ಕರುಣೆಯೂ ಇದ್ದು, ಎದುರಿಗಿರುವವನ ಕೊರತೆ ಯಾವುದೆಂಬುದು ಮಾತ್ರ ತಿಳಿಯದಿದ್ದರೆ, ಆ ಎರಡೂ ವ್ಯರ್ಥವೇ ಸರಿ. ದಕ್ಷಿಣ ಅಮೆರಿಕೆಗೆ ಸೇವೆಗೆಂದು ಹೋದ ಕೆಲವು ತರುಣರ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಜೋಸೆಫ್ ಬ್ಲಾಚ್‌ಫರ್ಡ್ ಎಂಬಾತನು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಕಾನೂನನ್ನು ಓದುತ್ತಿದ್ದವನು. ಟೆನ್ನಿಸ್ ಆಟದಲ್ಲಿ ನಿಪುಣನು. ಆಟದ ನಿಮಿತ್ತವಾಗಿ ದಕ್ಷಿಣ ಅಮೆರಿಕೆಯ ಪಟ್ಟಣಗಳನ್ನು ಸುತ್ತುವಾಗ ಅಲ್ಲಿಯ ಬಡತನವು ಆತನ ಮನಸ್ಸನ್ನು ಕಲಕಿತು. 1961ರಲ್ಲಿ ಆತನು ಅಕ್ಸಿಯೋನ್ ಎಂಬ ಸಂಸ್ಥೆಯನ್ನು ಕಟ್ಟಿ, ವ್ಯಾಪಾರದ ಮಂಡಲಿಗಳಿಂದ ಹಣವೆತ್ತಿ, ಮೂವತ್ತು ಮಂದಿ ಸ್ವಯಂಸೇವಕರೊಡನೆ ವೆನಿಜುವೆಲಕ್ಕೆ ಹೋದನು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಕ್ರಿಯೆಯೆಂದೇ ಅರ್ಥ. ಹೆಸರಿಗೆ ತಕ್ಕಂತೆ ಅವರು ಜನರೊಡನೆ ಕೂಡಿ ಶಾಲೆಗಳನ್ನು ಕಟ್ಟಿದರು, ಚರಂಡಿ ತೋಡಿದರು, ವಿದ್ಯುದ್ದೀಪವನ್ನು ತರಿಸಿದರು. ಹತ್ತು ವರುಷಗಳಲ್ಲಿ ಬ್ರೆಜಿಲ್, ಪೆರು, ಕೊಲಂಬಿಯಗಳಿಗೂ ಆ ಕಾರ್ಯವು ಹಬ್ಬಿತು.

ಆದರೆ ಶಾಲೆ ಎದ್ದಿತು, ದೀಪ ಉರಿಯಿತು. ಒಲೆಯ ಮೇಲಣ ಮಡಕೆ ಮಾತ್ರ ಬರಿದಾಗಿಯೇ ಉಳಿಯಿತು. ಸಂಪಾದನೆಯ ದಾರಿಯಿಲ್ಲದವನಿಗೆ ದೀಪವು ತೋರಿಸುವುದು ಅವನ ದಾರಿದ್ರ್ಯವನ್ನೇ ಅಲ್ಲವೆ? ತಾವು ಮಾಡಿದುದು ಬೇರನ್ನು ಮುಟ್ಟಲಿಲ್ಲವೆಂಬುದನ್ನು ಸೇವಕರೇ ಒಪ್ಪಿಕೊಂಡರು. ಮಾಡಿದ ಕೆಲಸಕ್ಕೆ ಕೃತಜ್ಞತೆ ದೊರೆಯುತ್ತಿರುವಾಗ ಅದು ಸಾಲದೆಂದು ಒಪ್ಪುವುದು ಸಾಮಾನ್ಯವಾದ ಧೈರ್ಯವಲ್ಲ.

ಆ ಬಳಿಕ ಅವರು ಬ್ರೆಜಿಲಿನ ರೆಸಿಫೆ ಪಟ್ಟಣದಲ್ಲಿ ಕಣ್ತೆರೆದು ನೋಡಿದರು. ಹಳ್ಳಿಗಳಿಂದ ಬಂದು ನೆಲಸಿದವರು ಸುಮ್ಮನೆ ಕುಳಿತಿರಲಿಲ್ಲ. ಒಬ್ಬನು ನಡುಪಟ್ಟಿ ನೆಯ್ಯುತ್ತಿದ್ದನು, ಇನ್ನೊಬ್ಬನು ಪಾತ್ರೆ ತಟ್ಟುತ್ತಿದ್ದನು, ಮತ್ತೊಬ್ಬಳು ಆಲೂಗಡ್ಡೆ ಮಾರುತ್ತಿದ್ದಳು. ಅವರಲ್ಲಿ ಸೋಮಾರಿತನವಿರಲಿಲ್ಲ, ಇಲ್ಲದ್ದು ಬಂಡವಾಳ. ಅದಕ್ಕಾಗಿ ತಂದ ಸಾಲಕ್ಕೆ ದಿನಕ್ಕೆ ನೂರಕ್ಕೆ ಹತ್ತರವರೆಗೂ ಬಡ್ಡಿ ತೆರುತ್ತಿದ್ದರು! ಒಂದೇ ಸಲ ವಸೂಲುಮಾಡುವ ಬಡ್ಡಿಯು ಅಸಲನ್ನು ಮೀರಕೂಡದೆಂದು ಧರ್ಮಶಾಸ್ತ್ರಕಾರರು ಮೇರೆಯನ್ನಿಟ್ಟಿದ್ದರು. ರೆಸಿಫೆಯಲ್ಲಿ ಆ ಮೇರೆಯನ್ನು ಮುಟ್ಟಲು ಹತ್ತೇ ದಿನಗಳು ಸಾಕಾಗಿದ್ದವು.

1973ರಲ್ಲಿ ಸಂಸ್ಥೆಯು ಅಂಥವರಿಗೆ ಸಣ್ಣ ಸಾಲಗಳನ್ನು ಕೊಡತೊಡಗಿತು. ನಾಲ್ಕು ವರುಷಗಳಲ್ಲಿ 885 ಸಾಲಗಳಿಂದ 1,386 ಉದ್ಯೋಗಗಳು ಹುಟ್ಟಿದುವು ಇಲ್ಲವೆ ನೆಲೆನಿಂತುವು ಎಂದು ಅದರ ಲೆಕ್ಕವು ಹೇಳುತ್ತದೆ.

ಹಾಗೆಂದು ಸಾಲವೇ ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಮದ್ದೇ ವಿಷವಾಗುವುದೂ ಉಂಟು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಇಂಥ ಸಣ್ಣ ಸಾಲಗಳ ವಸೂಲಿಯ ಉಪದ್ರವವು ಮಿತಿಮೀರಲು, ಸರಕಾರವು ಅದನ್ನು ತಡೆಯುವುದಕ್ಕೆ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡವನ ಬಾಗಿಲಿಗೆ ಹೋಗುವವನು ತಾನು ಯಾವ ಭಾವದಿಂದ ಹೋಗುತ್ತಿದ್ದೇನೆಂಬುದನ್ನು ದಿನದಿನವೂ ಪರೀಕ್ಷಿಸಿಕೊಳ್ಳಬೇಕು.

ಈಗ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳೇ ಈ ಸೇವೆಗೆ ಹೊರಡುತ್ತಾರೆ. 1990ರಲ್ಲಿ ಅಮೆರಿಕೆಯ ಕೆಲವು ವಾಣಿಜ್ಯ ವಿದ್ಯಾಲಯಗಳು ಒಂದುಗೂಡಿ, ತಮ್ಮಲ್ಲಿ ಪದವಿ ಪಡೆದವರನ್ನು ಪೂರ್ವ ಯುರೋಪಿನ ಉದ್ಯಮಗಳಿಗೆ ನೆರವಾಗಲು ಕಳುಹಿಸಿದುವು. ಇಂಥವರಿಗೆ ಲೆಕ್ಕವಿಡುವುದು ಬರುತ್ತದೆ, ಬೆಲೆ ಕಟ್ಟುವುದು ಬರುತ್ತದೆ. ಅವು ಬೇಕಾದ ವಿದ್ಯೆಗಳೇ. ಆದರೆ ಆಲೂಗಡ್ಡೆ ಮಾರುವವಳ ಬಾಯಿಲೆಕ್ಕದಲ್ಲಿ ಅವಳ ಮಗುವಿನ ಜ್ವರವೂ, ನೆರೆಯವಳಿಗೆ ಕೊಟ್ಟ ಕೈಗಡವೂ, ಮಳೆಯ ದಿನದ ನಷ್ಟವೂ ಸೇರಿರುತ್ತವೆ. ಪುಸ್ತಕದ ಲೆಕ್ಕವನ್ನು ಕಲಿಸಹೋದವನು ಆ ಲೆಕ್ಕವನ್ನು ಮೊದಲು ಕಲಿಯಬೇಕು.

ಪೂರ್ವೋತ್ತರ ಮೀಮಾಂಸಾಸೂತ್ರಗಳೆರಡೂ ಜಿಜ್ಞಾಸೆಯ ಮಾತಿನಿಂದಲೇ ಮೊದಲಾಗುತ್ತವೆ. ತಿಳಿಯುವ ಇಚ್ಛೆಯಿಲ್ಲದೆ ಶಾಸ್ತ್ರವಿಲ್ಲ. ಸೇವೆಗೂ ಆ ನ್ಯಾಯವೇ ಸಲ್ಲುತ್ತದೆ. ಪರದೇಶಕ್ಕೆ ಹೋದ ವಿದ್ಯಾರ್ಥಿಯು ಅಲ್ಲಿಯೂ ವಿದ್ಯಾರ್ಥಿಯಾಗಿಯೇ ಇದ್ದರೆ, ಅವನ ಕೈಯಿಂದ ಉಪಕಾರವು ತಾನಾಗಿ ನಡೆಯುವುದು.